ಶ್ರೇಷ್ಠ ಆಟಗಾರನಿಗೆ ಮೊದಲು ಒಂದು ಋತು ಬೇಕು

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡೇವಿಡ್‌ಸನ್ ಒಂದು ಸಣ್ಣ ಕಾಲೇಜು. 2008-09ರ ಋತುವಿನಲ್ಲಿ ಅದರ ಬ್ಯಾಸ್ಕೆಟ್‌ಬಾಲ್ ತಂಡ ಸದರ್ನ್ ಕಾನ್ಫರೆನ್ಸ್ ಎಂಬ ಕಾಲೇಜು ಕೂಟದ ಲೀಗಿನಲ್ಲಿ 20 ಪಂದ್ಯ ಆಡಿ 18 ಗೆದ್ದಿತ್ತು. ಲೀಗ್ ಮುಗಿದ ಮೇಲೆ ಅದೇ ಕೂಟದ ನಾಕೌಟ್ ಪಂದ್ಯಾವಳಿ ನಡೆಯಿತು. ಅಲ್ಲಿ ಸೆಮಿಫೈನಲ್‌ನಲ್ಲಿ ಸೋತ ಡೇವಿಡ್‌ಸನ್‌ಗೆ ಆ ಒಂದು ಸೋಲಿನಿಂದಾಗಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪ್ರವೇಶ ತಪ್ಪಿತು. ಆದರೂ ಆ ವರ್ಷದ ಸದರ್ನ್ ಕಾನ್ಫರೆನ್ಸಿನ 'ವರ್ಷದ ಆಟಗಾರ' ಗೌರವ ಸಂದದ್ದು ಸೋತ ಆ ತಂಡದ ಹುಡುಗನಿಗೇ. ಪಂದ್ಯಕ್ಕೆ ಸರಾಸರಿ 28.6 ಅಂಕ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾಗಿದ್ದ ಆತನ ಹೆಸರು ಸ್ಟೀಫನ್ ಕರ್ರಿ. ಹಿಂದಿನ ವರ್ಷವೂ ಅದೇ ಗೌರವ ಆತನಿಗೇ ಬಂದಿತ್ತು. 2009ರ ಜೂನ್‌ನಲ್ಲಿ ವೃತ್ತಿಪರ ಲೀಗ್ ಎನ್‌ಬಿಎಯ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಆತನನ್ನು ಏಳನೆಯ ಆಯ್ಕೆಯಾಗಿ ಸೇರಿಸಿಕೊಂಡಿತು. ಮುಂದಿನದು ಬ್ಯಾಸ್ಕೆಟ್‌ಬಾಲ್ ಗೊತ್ತಿರುವ ಎಲ್ಲರಿಗೂ ಗೊತ್ತು. ಇಲ್ಲಿ ಗಮನಿಸಬೇಕಾದದ್ದು ಆತ ಮುಂದೆ ಏನಾದ ಎಂಬುದನ್ನಲ್ಲ. ಒಂದು ಸಂಜೆಯ ಸೋಲು ನಾಲ್ಕು ತಿಂಗಳ ಆಟವನ್ನು ಅಳಿಸಿಹಾಕದಂಥ ವ್ಯವಸ್ಥೆಯೊಂದು ಅಲ್ಲಿತ್ತು ಎಂಬುದನ್ನು.

ತಮಿಳುನಾಡಿನ ಪಲ್ಲಡಂನ ವಿದ್ಯಾರ್ಥಿಯೊಬ್ಬನಿಗೋ ವಿದ್ಯಾರ್ಥಿನಿಗೋ ಇಂಥದು ಸಾಧ್ಯವೇ? ಕೊಯಮತ್ತೂರಿನಿಂದ ತಿರುಚಿಗೆ ಹೋಗುವ ಹೆದ್ದಾರಿಯ ಮೇಲಿರುವ, ವಿದ್ಯುತ್ ಮಗ್ಗಗಳಿಗೂ ಕೋಳಿ ಸಾಕಣೆಗೂ ಹೆಸರಾದ ಊರು ಅದು. 2009ರಲ್ಲಿ ತಿರುಪ್ಪೂರು ಜಿಲ್ಲೆ ಹೊಸದಾಗಿ ರಚನೆಯಾಗುವವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಸುತ್ತಲಿನ ಕೊಂಗುನಾಡಿನಲ್ಲಿ ನೇಕಾರ ದೇವಾಂಗರ ಎಷ್ಟೋ ಮನೆಗಳ ಮನೆಮಾತು ಇಂದಿಗೂ ಕನ್ನಡ. ಆ ಮನೆಗಳ ಮಕ್ಕಳು ಓದುವುದು ತಮಿಳು, ಇಂಗ್ಲಿಷಿನಲ್ಲಿ. ಬ್ಯಾಸ್ಕೆಟ್‌ಬಾಲ್‌ಗೆ ಬರಗಾಲವಿರುವ ಪ್ರದೇಶವೂ ಇದಲ್ಲ. ಪಿಎಸ್‌ಜಿ ಟ್ರೋಫಿಯಂಥ ಅಖಿಲ ಭಾರತ ಪಂದ್ಯಾವಳಿ ಹಲವು ದಶಕಗಳಿಂದ ಕೊಯಮತ್ತೂರಿನಲ್ಲಿ ನಡೆಯುತ್ತ ಬಂದಿದೆ. ಸೇನೆ, ರೈಲ್ವೆ, ಬ್ಯಾಂಕುಗಳ ತಂಡಗಳು ಅಲ್ಲಿಗೆ ಬಂದು ಆಡುತ್ತವೆ, ಜನ ಕಿಕ್ಕಿರಿದು ನೋಡುತ್ತಾರೆ. ಆಟವಿದೆ, ಅಂಕಣವಿದೆ, ಪ್ರೇಕ್ಷಕರಿದ್ದಾರೆ, ಬಹುಮಾನಗಳೂ ಇವೆ. ಇಷ್ಟಿದ್ದೂ ಮೇಲಿನ ಪ್ರಶ್ನೆಗೆ ಉತ್ತರ 'ಇಲ್ಲ' ಎಂದೇ. ಕಾಲೇಜು ಆಟಗಾರರಿಗೆ ನಾವು ಕೊಡದೆ ಉಳಿಸಿಕೊಂಡಿರುವುದು ಪ್ರಶಸ್ತಿಯನ್ನಲ್ಲ, ಪ್ರಶಸ್ತಿಗೆ ಅರ್ಥ ಕೊಡುವ ಋತುವನ್ನು. ಅದನ್ನು ಕಟ್ಟದೆ ಎಷ್ಟು ಟ್ರೋಫಿ ಹಂಚಿದರೂ ನಿಜವಾದ ಪ್ರತಿಭೆಯನ್ನು ಗುರುತಿಸಿದಂತೆ ಆಗುವುದಿಲ್ಲ ಎಂಬುದು ಈ ಲೇಖನದ ವಾದ.

ಈಗಿರುವ ಏರ್ಪಾಡು ಹೀಗಿದೆ. ಕೊಯಮತ್ತೂರು, ತಿರುಪ್ಪೂರು, ಈರೋಡು, ನೀಲಗಿರಿ ಜಿಲ್ಲೆಗಳ ಕಲಾ ಮತ್ತು ವಿಜ್ಞಾನ ಕಾಲೇಜುಗಳು 1982ರಲ್ಲಿ ಸ್ಥಾಪನೆಯಾದ ಭಾರತಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಇಂಜಿನಿಯರಿಂಗ್ ಕಾಲೇಜುಗಳು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಆಯಾ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ವರ್ಷಕ್ಕೊಮ್ಮೆ ಅಂತರ ಕಾಲೇಜು ಪಂದ್ಯಾವಳಿ ನಡೆಸಿ, ಅಲ್ಲಿ ಕಣ್ಣಿಗೆ ಬಿದ್ದವರಿಂದ ವಿಶ್ವವಿದ್ಯಾಲಯದ ತಂಡ ಕಟ್ಟುತ್ತದೆ. ಆ ತಂಡ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗುತ್ತದೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ನಾಲ್ಕು ವಲಯಗಳಾಗಿ ಹಂಚಿ ಈ ಸ್ಪರ್ಧೆಗಳನ್ನು ನಡೆಸುತ್ತದೆ. ತಮಿಳುನಾಡು, ಕರ್ನಾಟಕ, ಕೇರಳ, ಆಂಧ್ರ, ತೆಲಂಗಾಣ ಎಲ್ಲವೂ ದಕ್ಷಿಣ ವಲಯವೇ. ಅಂದರೆ ಪಲ್ಲಡಂನ ಹುಡುಗ, ಮೈಸೂರಿನ ಹುಡುಗ, ಕೋಟ್ಟಯಂನ ಹುಡುಗ ಒಂದೇ ಪಂದ್ಯಾವಳಿಯ ಸ್ಪರ್ಧಿಗಳು. ಅಮೆರಿಕದ ಕಾನ್ಫರೆನ್ಸಿಗೆ ನಮ್ಮಲ್ಲಿ ಹತ್ತಿರದ ರೂಪ ಯಾವುದಾದರೂ ಇದ್ದರೆ ಅದು ಈ ವಲಯವೇ. ಆದರೆ ಹೋಲಿಕೆ ನಕ್ಷೆಗಷ್ಟೇ ಸೀಮಿತ. ಇಲ್ಲಿ ಆಟ ನಾಕೌಟ್‌ನಲ್ಲಿ ಆರಂಭವಾಗುತ್ತದೆ. ಕೊನೆಗೆ ಉಳಿಯುವ ನಾಲ್ಕು ತಂಡಗಳು ಮಾತ್ರ ಪರಸ್ಪರ ಲೀಗ್ ಆಡುತ್ತವೆ. ಆ ನಾಲ್ಕೇ ತಂಡಗಳು ಅಖಿಲ ಭಾರತ ಹಂತಕ್ಕೆ ಹೋಗುತ್ತವೆ. ಉಳಿದವರ ವರ್ಷ ಅಲ್ಲಿಗೆ ಮುಗಿಯಿತು.

ನಾಕೌಟ್‌ನ ಗಣಿತವನ್ನು ಒಮ್ಮೆ ಬಿಡಿಸಿ ನೋಡಿದರೆ ಸಾಕು, ಸಮಸ್ಯೆ ಎಲ್ಲಿದೆ ಎಂಬುದು ತಿಳಿಯುತ್ತದೆ. 16 ತಂಡಗಳ ನಾಕೌಟ್ ಪಂದ್ಯಾವಳಿಯಲ್ಲಿ ಒಟ್ಟು 15 ಪಂದ್ಯ. ಎಂಟು ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ, ನಾಲ್ಕು ತಂಡಗಳು ಎರಡು ಆಡುತ್ತವೆ, ಎರಡು ತಂಡಗಳು ಮೂರು ಆಡುತ್ತವೆ. ನಾಲ್ಕು ಪಂದ್ಯ ಆಡುವುದು ಫೈನಲ್ ತಲುಪಿದ ಎರಡು ತಂಡ ಮಾತ್ರ. ಒಂದು ಪಂದ್ಯಕ್ಕೆ 40 ನಿಮಿಷ. ವರ್ಷವಿಡೀ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡಿದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿಗೆ ಅಧಿಕೃತವಾಗಿ ಸಿಗುವುದು ಆ 40 ನಿಮಿಷ. ಆ ದಿನ ಕಾಲು ಉಳುಕಿದ್ದರೆ, ಜ್ವರವಿದ್ದರೆ, ಚೀಟಿ ಎತ್ತಿದಾಗ ಮೊದಲ ಸುತ್ತಿನಲ್ಲೇ ಪ್ರಬಲ ತಂಡ ಎದುರಾದರೆ, ಅಲ್ಲಿಗೆ ಎಲ್ಲ ಮುಗಿದಂತೆ. ಪಂದ್ಯಾವಳಿಯ ಕೊನೆಗೆ 'ಶ್ರೇಷ್ಠ ಆಟಗಾರ' ಎಂದು ಕೂಗಿ ಕಪ್ ಕೊಡುತ್ತಾರಲ್ಲ, ಅದು ಹೆಚ್ಚುಕಡಿಮೆ ಫೈನಲ್ ತಲುಪಿದ ಎರಡು ತಂಡಗಳೊಳಗಿನ ಆಯ್ಕೆಯೇ ಆಗಿರುತ್ತದೆ. ಕೊಡುವವರ ತಪ್ಪು ಇದರಲ್ಲಿಲ್ಲ. ಅವರು ಹೆಚ್ಚು ನೋಡಿದ್ದು ಆ ಎರಡು ತಂಡಗಳ ಆಟವನ್ನೇ.

ಇನ್ನೂ ಗಂಭೀರವಾದದ್ದು ಪಂದ್ಯ ಮುಗಿದ ಮೇಲೆ ಉಳಿಯುವ ಕಾಗದದ ಪ್ರಶ್ನೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಡಿ ಕೆಲಸಕ್ಕೆ ಅರ್ಜಿ ಹಾಕುವವರು ಸಲ್ಲಿಸಬೇಕಾದ ಪ್ರಮಾಣಪತ್ರಗಳಿಗೆ ನಿಗದಿತ ನಮೂನೆಗಳಿವೆ. ಅಂತಾರಾಷ್ಟ್ರೀಯ ಆಟಕ್ಕೆ ನಮೂನೆ 1, ರಾಷ್ಟ್ರೀಯಕ್ಕೆ 2, ಅಂತರ ವಿಶ್ವವಿದ್ಯಾಲಯ ಆಟಕ್ಕೆ 3, ಶಾಲಾ ಆಟಕ್ಕೆ 4. ಕಾಲೇಜು ಆಟಗಾರರ ಬದುಕಿನಲ್ಲಿ ಈ ಮೂರನೆಯ ನಮೂನೆಗೆ ದೊಡ್ಡ ಬೆಲೆ. ಊರೂರು ಪಂದ್ಯಾವಳಿಗಳಲ್ಲಿ ಹುಡುಗರು ಇದರ ಬಗ್ಗೆಯೇ ಮಾತಾಡುತ್ತಾರೆ. ಇಂಥ ವಿಶ್ವವಿದ್ಯಾಲಯದ ಪರವಾಗಿ, ಇಂಥ ಆಟದಲ್ಲಿ, ಇಂಥ ಊರಿನಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಆಡಿದ್ದಾರೆ, ವ್ಯಕ್ತಿ ಅಥವಾ ತಂಡ ಪಡೆದ ಸ್ಥಾನ ಇಷ್ಟು ಎಂದು ಬರೆದು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರು ಸಹಿ ಹಾಕುತ್ತಾರೆ. ಅಷ್ಟೇ. ಬ್ಯಾಸ್ಕೆಟ್‌ಬಾಲ್‌ನಂಥ ಆಟದಲ್ಲಿ ಸ್ಥಾನವೆಂದರೆ ತಂಡದ ಸ್ಥಾನ. ಚಿನ್ನ ಗೆದ್ದ ತಂಡದ ಬೆಂಚಿನಲ್ಲಿ ಕೂತೇ ಇದ್ದ ಹನ್ನೆರಡನೆಯ ಆಟಗಾರನಿಗೆ ಸಿಗುವ ಕಾಗದವೂ ಆ ತಂಡವನ್ನು ಹೆಗಲ ಮೇಲೆ ಹೊತ್ತು ಗೆಲ್ಲಿಸಿದವನ ಕಾಗದವೂ ಒಂದೇ. ಮೊದಲ ಸುತ್ತಿನಲ್ಲಿ ಸೋತ ತಂಡದ ಪರ ಒಬ್ಬಳೇ 30 ಅಂಕ ಗಳಿಸಿದ್ದರೂ ಅವಳ ಕಾಗದದಲ್ಲಿ ಕಾಣುವುದು ಸೋಲು. ಅವಳ ಆಟವನ್ನು ಹೇಳಲು ಆ ಕಾಗದದಲ್ಲಿ ಜಾಗವೇ ಇಲ್ಲ.

ಅಮೆರಿಕದಲ್ಲಿ ಈ ಕಾನ್ಫರೆನ್ಸುಗಳು ಹುಟ್ಟಿದ್ದು ಪ್ರಶಸ್ತಿ ಕೊಡುವುದಕ್ಕಾಗಿ ಅಲ್ಲ. ಈಗ ಬಿಗ್ ಟೆನ್ ಎಂದು ಕರೆಯುವ ಕೂಟವನ್ನು ಮಧ್ಯಪಶ್ಚಿಮದ ಏಳು ವಿಶ್ವವಿದ್ಯಾಲಯಗಳು 1896ರಲ್ಲಿ ಕಟ್ಟಿಕೊಂಡದ್ದು, ನಿಜವಾಗಿ ಓದುತ್ತಿರುವ ವಿದ್ಯಾರ್ಥಿಗಳೇ ಆಡಬೇಕು, ಹಣ ಕೊಟ್ಟು ಕರೆತಂದವರು ಆಡಬಾರದು ಎಂಬ ನಿಯಮವನ್ನು ಒಟ್ಟಾಗಿ ಪಾಲಿಸಲು. ಬ್ಯಾಸ್ಕೆಟ್‌ಬಾಲ್ ಹುಟ್ಟಿ ಆಗ ಇನ್ನೂ ಐದು ವರ್ಷವೂ ತುಂಬಿರಲಿಲ್ಲ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಬಾಲ್ಕನಿಗೆ ಹೊಡೆದು ಶುರು ಮಾಡಿದ ಆಟ ಅದು. ಅದೇ ವೈಎಂಸಿಎ ಮೂಲಕವೇ ದಕ್ಷಿಣ ಭಾರತದಲ್ಲೂ ಆಟ ಬೇರೂರಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಿಂದ ಹೊರಬಂದ ಶಿಕ್ಷಕರು ಅದನ್ನು ಶಾಲೆ ಶಾಲೆಗೂ ಒಯ್ದರು. ಬೇರು ಒಂದೇ, ಬೆಳೆದ ರೀತಿ ಮಾತ್ರ ಬೇರೆ. ಅಲ್ಲಿ ಹತ್ತಿರದ ಕಾಲೇಜುಗಳು ತಾವಾಗಿಯೇ ಒಂದು ಕೂಟವಾಗಿ ವರ್ಷವರ್ಷವೂ ಪರಸ್ಪರ ಆಡತೊಡಗಿದವು. ಎದುರಾಳಿ ಕಾಲೇಜು ಎಷ್ಟು ದೂರದಲ್ಲಿದೆ, ಅಲ್ಲಿಗೆ ಹೋಗಿಬರಲು ಎಷ್ಟು ಖರ್ಚು ಎಂಬುದು ಕೂಟದ ಗಡಿಯನ್ನು ನಿರ್ಧರಿಸುತ್ತಿತ್ತು. ನಮ್ಮಲ್ಲಿ ಅದನ್ನು ನಿರ್ಧರಿಸುವುದು ಸಂಯೋಜನೆ, ಅಂದರೆ ಪದವಿ ಪತ್ರಕ್ಕೆ ಯಾರ ಸಹಿ ಎಂಬುದು.

ಇದು ಮೇಲ್ನೋಟಕ್ಕೆ ಆಡಳಿತದ ಚಿಕ್ಕ ಸಂಗತಿಯಂತೆ ಕಂಡರೂ ಆಟದ ಮೇಲೆ ಇದರ ಪರಿಣಾಮ ದೊಡ್ಡದು. ಕೊಯಮತ್ತೂರಿನ ಪೀಳಮೇಡಿನಲ್ಲಿ ಪಿಎಸ್‌ಜಿ ಕಲಾ ಮತ್ತು ವಿಜ್ಞಾನ ಕಾಲೇಜೂ ಇದೆ, ಪಿಎಸ್‌ಜಿ ತಾಂತ್ರಿಕ ಕಾಲೇಜೂ ಇದೆ. ಮೊದಲನೆಯದು ಭಾರತಿಯಾರ್‌ಗೆ ಸೇರಿದ್ದು, ಎರಡನೆಯದು ಅಣ್ಣಾಗೆ. ಒಂದೇ ಬಡಾವಣೆಯ ಈ ಎರಡು ಕಾಲೇಜುಗಳು ವಿಶ್ವವಿದ್ಯಾಲಯದ ಅಂತರ ಕಾಲೇಜು ಸ್ಪರ್ಧೆಯಲ್ಲಿ ಎದುರುಬದುರಾಗುವುದೇ ಇಲ್ಲ. ಕರ್ನಾಟಕದ ಓದುಗರಿಗೂ ಇದು ಹೊಸದಲ್ಲ. ಬೆಂಗಳೂರಿನ ಒಂದೇ ರಸ್ತೆಯ ಇಂಜಿನಿಯರಿಂಗ್ ಕಾಲೇಜು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಂದ್ಯಾವಳಿಗೆ ರಾತ್ರಿ ಬಸ್ಸು ಹತ್ತುತ್ತದೆ, ಪಕ್ಕದ ಪದವಿ ಕಾಲೇಜು ಬೇರೆ ವಿಶ್ವವಿದ್ಯಾಲಯದ ಪಂದ್ಯಾವಳಿಗೆ ಹೋಗುತ್ತದೆ, ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ದಾರಿ ಹಿಡಿಯುತ್ತದೆ. ನೆರೆಹೊರೆಯ ಪೈಪೋಟಿಯೇ ಕಾಲೇಜು ಆಟದ ಜೀವ. ಅದನ್ನು ನಾವು ಕಚೇರಿಯ ಕಡತಗಳಿಗೆ ತಕ್ಕಂತೆ ಕತ್ತರಿಸಿ ಹಾಕಿದ್ದೇವೆ.

ಅಮೆರಿಕದ ಕೂಟದ ಲೀಗಿನಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ 18ರಿಂದ 20 ಪಂದ್ಯಗಳು ಸಿಗುತ್ತವೆ. ಕೂಟದ ಹೊರಗಿನವೂ ಸೇರಿದರೆ ಋತುವಿಗೆ 30ರ ಆಸುಪಾಸು. ಪ್ರತಿ ಪಂದ್ಯದಲ್ಲೂ ಯಾರು ಎಷ್ಟು ನಿಮಿಷ ಆಡಿದರು, ಎಷ್ಟು ಸಲ ಬುಟ್ಟಿಗೆ ಎಸೆದರು, ಎಷ್ಟು ಬಿತ್ತು, ರಿಬೌಂಡ್ ಎಷ್ಟು, ಅಸಿಸ್ಟ್ ಎಷ್ಟು, ಎದುರಾಳಿಯಿಂದ ಚೆಂಡು ಕಸಿದದ್ದು ಎಷ್ಟು, ತಾನೇ ಕಳೆದುಕೊಂಡದ್ದು ಎಷ್ಟು ಎಂಬುದೆಲ್ಲ ದಾಖಲಾಗುತ್ತದೆ. ಲೀಗ್ ಮುಗಿದಾಗ ತರಬೇತುದಾರರು ಇಲ್ಲವೇ ಕ್ರೀಡಾ ವರದಿಗಾರರು ಮತ ಹಾಕುತ್ತಾರೆ. ಬಿಗ್ ಟೆನ್‌ನಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಆರಿಸುತ್ತಾರೆ. ಹಲವು ಕೂಟಗಳಲ್ಲಿ ತರಬೇತುದಾರರು ತಮ್ಮದೇ ಆಟಗಾರನಿಗೆ ಮತ ಹಾಕುವಂತಿಲ್ಲ. ನಾಕೌಟ್ ಪಂದ್ಯಾವಳಿಯಲ್ಲಿ ಮಿಂಚಿದವರಿಗೆ ಬೇರೆಯೇ ಒಂದು ಪ್ರಶಸ್ತಿ ಇರುತ್ತದೆ. ಮೂರು ದಿನದ ಮಿಂಚನ್ನೂ ನಾಲ್ಕು ತಿಂಗಳ ಬೆಳಕನ್ನೂ ಅವರು ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ. 1953ರಲ್ಲಿ ಸದರ್ನ್ ಕಾನ್ಫರೆನ್ಸಿನಿಂದ ಹೊರಬಂದ ಏಳು ಕಾಲೇಜುಗಳು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಕಟ್ಟಿದವು. ಮರುವರ್ಷ ಅದರ ಮೊದಲ 'ವರ್ಷದ ಆಟಗಾರ' ಆದವನು ವೇಕ್ ಫಾರೆಸ್ಟ್‌ನ ಡಿಕಿ ಹೆಮ್ರಿಕ್. ಕಾಲೇಜು ಬಿಡುವಾಗ ಆತನ ಹೆಸರಿನಲ್ಲಿ 2,587 ಅಂಕಗಳಿದ್ದವು. ಆ ಕೂಟದಲ್ಲಿ ಅದನ್ನು ಯಾರಾದರೂ ದಾಟಲು 2006ರವರೆಗೆ, ಜೆ.ಜೆ. ರೆಡಿಕ್ ಬರುವವರೆಗೆ ಕಾಯಬೇಕಾಯಿತು. ಐವತ್ತು ವರ್ಷ ಹಳೆಯ ವಿದ್ಯಾರ್ಥಿಯೊಬ್ಬನ ಹೆಸರು ಹೀಗೆ ಮತ್ತೆ ಜನರ ಬಾಯಿಗೆ ಬರಲು ಕಾರಣ ಆತ ಗೆದ್ದ ಕಪ್ ಅಲ್ಲ, ಯಾರೋ ಶ್ರದ್ಧೆಯಿಂದ ಬರೆದಿಟ್ಟ ಲೆಕ್ಕ.

ಇದಕ್ಕೆ ಆಟ ಬಲ್ಲವರು ಎತ್ತುವ ಮೊದಲ ಆಕ್ಷೇಪ ಎದುರಾಳಿಯ ಮಟ್ಟದ್ದು. ಸಣ್ಣ ಊರುಗಳ ಕಾಲೇಜುಗಳು ತಮ್ಮತಮ್ಮಲ್ಲೇ ಆಡಿಕೊಂಡು ಒಬ್ಬನನ್ನು ವರ್ಷದ ಆಟಗಾರ ಎಂದು ಕರೆದರೆ ಅದಕ್ಕೇನು ಬೆಲೆ? ಮದ್ರಾಸ್ ವಿಶ್ವವಿದ್ಯಾಲಯ, ಎಸ್‌ಆರ್‌ಎಂನಂಥ ಬಲಿಷ್ಠ ತಂಡಗಳ ಮುಂದೆ ಅವನು ನಿಲ್ಲುತ್ತಾನೆಯೇ? ನ್ಯಾಯವಾದ ಪ್ರಶ್ನೆ. ಆದರೆ ಸಣ್ಣ ಕೂಟದ ಗೌರವ ಅಂತಿಮ ತೀರ್ಪಲ್ಲ, ಅದು ನೋಡುವವರ ಗಮನ ಸೆಳೆಯುವ ಬಗೆ. ಮರೆ ಸ್ಟೇಟ್ ಎಂಬ ಅಷ್ಟೇನೂ ಹೆಸರಿಲ್ಲದ ವಿಶ್ವವಿದ್ಯಾಲಯದ ಜಾ ಮೊರಾಂಟ್ 2018-19ರಲ್ಲಿ ಪಂದ್ಯಕ್ಕೆ ಸರಾಸರಿ 24.5 ಅಂಕ, 10 ಅಸಿಸ್ಟ್ ದಾಖಲಿಸಿ ಓಹಾಯೋ ವ್ಯಾಲಿ ಕಾನ್ಫರೆನ್ಸಿನ ವರ್ಷದ ಆಟಗಾರನಾದ. ಅದೇ ವರ್ಷ ಎನ್‌ಬಿಎ ಆಯ್ಕೆಯಲ್ಲಿ ಎರಡನೆಯವನಾದ. ವೆಸ್ಟ್ ಕೋಸ್ಟ್ ಕಾನ್ಫರೆನ್ಸಿನ ಗೌರವವನ್ನು 1995, 1996ರಲ್ಲಿ ಪಡೆದ ಸ್ಟೀವ್ ನ್ಯಾಶ್, ಬಿಗ್ ಸ್ಕೈ ಕಾನ್ಫರೆನ್ಸಿನದನ್ನು 2010, 2012ರಲ್ಲಿ ಪಡೆದ ಡೇಮಿಯನ್ ಲಿಲರ್ಡ್ ಕೂಡ ಇಂಥ ಸಣ್ಣ ಕೂಟಗಳಿಂದಲೇ ಮೇಲೆ ಬಂದವರು. ನಮ್ಮ ಕ್ರಿಕೆಟಿನಲ್ಲೂ ಇದಕ್ಕೆ ಸಾಕ್ಷಿಯಿದೆ. 2018-19ರ ರಣಜಿ ಋತುವಿನಲ್ಲಿ ಬಿಹಾರದ ಆಶುತೋಷ್ ಅಮನ್ 68 ವಿಕೆಟ್ ಕಿತ್ತು, ಬಿಷನ್ ಸಿಂಗ್ ಬೇಡಿ ಅವರ ಬಹುಕಾಲದ 64ರ ದಾಖಲೆಯನ್ನು ದಾಟಿದರು. ಬಿಹಾರ ಆಡಿದ್ದು ಹೊಸ ತಂಡಗಳ ಪ್ಲೇಟ್ ಗುಂಪಿನಲ್ಲಿ. ಎದುರಾಳಿಗಳು ದುರ್ಬಲರು ಎಂದು ಎಲ್ಲರೂ ಹೇಳಿದರು, ಅದು ಸರಿಯೂ ಹೌದು. ಹಾಗೆ ಹೇಳಲಿಕ್ಕೂ ತೂಗಿ ನೋಡಲಿಕ್ಕೂ ಸಾಧ್ಯವಾದದ್ದು ಲೆಕ್ಕ ಕಣ್ಣೆದುರು ಇದ್ದದ್ದರಿಂದ. ಅಂಕಿಯನ್ನು ಅದರ ಸಂದರ್ಭದಲ್ಲಿಟ್ಟು ಓದಬಹುದು. ಅಂಕಿಯೇ ಇಲ್ಲದಿದ್ದರೆ ಓದಲಿಕ್ಕೆ ಏನೂ ಇರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದದ್ದು: ಮತ ಹಾಕುವವರು ಮನುಷ್ಯರೇ ತಾನೆ? ಜಾತಿ, ಭಾಷೆ, ಪರಿಚಯ, ಕಾಲೇಜಿನ ದೊಡ್ಡಸ್ತಿಕೆ ಇವೆಲ್ಲ ಅಲ್ಲಿಗೂ ನುಸುಳುವುದಿಲ್ಲವೇ? ನುಸುಳುತ್ತವೆ, ಅಮೆರಿಕದಲ್ಲಿ ನುಸುಳಿದ್ದೂ ಉಂಟು. 1954-55ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಬಿಲ್ ರಸೆಲ್ ಪಂದ್ಯಕ್ಕೆ ಸರಾಸರಿ 20ಕ್ಕೂ ಹೆಚ್ಚು ಅಂಕ, 20ಕ್ಕೂ ಹೆಚ್ಚು ರಿಬೌಂಡ್ ಗಳಿಸಿದ್ದರು. ತಂಡ 29 ಪಂದ್ಯಗಳಲ್ಲಿ 28 ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಅಂತಿಮ ಹಂತದ ಶ್ರೇಷ್ಠ ಆಟಗಾರ ಅವರೇ. ಆದರೆ ಉತ್ತರ ಕ್ಯಾಲಿಫೋರ್ನಿಯಾದ ವರ್ಷದ ಆಟಗಾರ ಎಂಬ ಗೌರವವನ್ನು ಕೊಟ್ಟದ್ದು ಮಾತ್ರ ಬೇರೊಬ್ಬ ಸೆಂಟರ್ ಆಟಗಾರನಿಗೆ. ಕಪ್ಪು ವರ್ಣದ ಆಟಗಾರನೊಬ್ಬ ಎಲ್ಲರಿಗಿಂತ ಮೇಲು ಎಂದು ಒಪ್ಪುವ ಮನಸ್ಸು ಆ ಕಾಲಕ್ಕೆ ಇರಲಿಲ್ಲ ಎಂದು ರಸೆಲ್ ಮುಂದೆ ಹೇಳಿದರು. ಇನ್ನು ಮುಂದೆ ಇತರರ ಮೆಚ್ಚುಗೆಗಾಗಿ ಆಡುವುದಿಲ್ಲ, ತಂಡದ ಗೆಲುವಿಗಾಗಿ ಮಾತ್ರ ಆಡುತ್ತೇನೆ ಎಂದು ಅವರು ಗಟ್ಟಿ ಮನಸ್ಸು ಮಾಡಿದ್ದೂ ಆಗಲೇ. ಈ ಘಟನೆ ಪ್ರಶಸ್ತಿಗಳ ವಿರುದ್ಧ ದೊಡ್ಡ ಸಾಕ್ಷ್ಯ ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯಲಾಗದು. ಆದರೆ ಅದು ಅನ್ಯಾಯ ಎಂದು ಇಂದಿಗೂ ನಾವು ಇಷ್ಟು ಖಚಿತವಾಗಿ ಹೇಳುವುದು ಯಾವ ಆಧಾರದ ಮೇಲೆ? 28 ಗೆಲುವು, 20 ಅಂಕ, 20 ರಿಬೌಂಡ್. ಮತ ಹಾಕಿದವರನ್ನು ಏಳು ದಶಕಗಳ ಬಳಿಕವೂ ನಿಲ್ಲಿಸಿ ಕೇಳುತ್ತಿರುವುದು ಆ ಅಂಕಿಗಳು. ನಮ್ಮ ಅಂತರ ಕಾಲೇಜು ಆಯ್ಕೆಯಲ್ಲಿ ಯಾರಿಗಾದರೂ ಅನ್ಯಾಯವಾದರೆ ಅದನ್ನು ತೋರಿಸಲು ಏನೂ ಇರುವುದಿಲ್ಲ. 'ಆ ಹುಡುಗ ಚೆನ್ನಾಗಿ ಆಡುತ್ತಿದ್ದ' ಎಂಬ ಬಾಯಿಮಾತು ಉಳಿಯುತ್ತದೆ, ಅದನ್ನು ನೆನೆಯುವವರು ಇರುವಷ್ಟು ದಿನ. ಶಿಫಾರಸು ಮಾಡುವ ನೆಂಟರಿಲ್ಲದ ಮಗ್ಗದ ಮನೆಯ ಹುಡುಗನಿಗೆ ಬರಹದ ಲೆಕ್ಕವೇ ಬೆನ್ನಿಗೆ ನಿಲ್ಲುವ ನೆಂಟ.

ತಂಡದ ಆಟದಲ್ಲಿ ಒಬ್ಬನನ್ನು ಎತ್ತಿ ಮೆರೆಸಿದರೆ ಸ್ವಾರ್ಥ ಬೆಳೆಯುತ್ತದೆ, ಎಲ್ಲರೂ ತಾವೇ ಬುಟ್ಟಿಗೆ ಎಸೆಯಲು ಹೊರಡುತ್ತಾರೆ ಎಂಬ ಮಾತೂ ಇದೆ. ಅದು ನಿಜವಾಗುವುದು ಅಂಕವನ್ನಷ್ಟೇ ಎಣಿಸಿದಾಗ. ನಮ್ಮ ಪಂದ್ಯಗಳ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಈಗ ಆಟಗಾರನ ಹೆಸರಿನ ಮುಂದೆ ಬರೆಯುವುದು ಮುಖ್ಯವಾಗಿ ಎರಡನ್ನು: ಗಳಿಸಿದ ಅಂಕ, ಮಾಡಿದ ಫೌಲ್. ಸಹ ಆಟಗಾರನಿಗೆ ಒದಗಿಸಿಕೊಟ್ಟ ಪಾಸ್, ಎದುರಾಳಿಯ ಎಸೆತ ತಪ್ಪಿದಾಗ ಜಿಗಿದು ಹಿಡಿದ ಚೆಂಡು, ತಡೆದ ಎಸೆತ ಇದಾವುದೂ ಅಲ್ಲಿಲ್ಲ. ಪೂರ್ತಿ ಲೆಕ್ಕ ಇಟ್ಟರೆ ಈ ಮರೆಯ ದುಡಿಮೆಯೂ ಮುಂದೆ ಬರುತ್ತದೆ. ಮೊರಾಂಟ್‌ನ ಋತು ಚಾರಿತ್ರಿಕ ಎನಿಸಿಕೊಂಡದ್ದು ಆತನ 24.5 ಅಂಕಗಳ ಜೊತೆಗೆ 10 ಅಸಿಸ್ಟ್ ಇದ್ದದ್ದರಿಂದ. ಸರಾಸರಿ 20 ಅಂಕ ಮತ್ತು 10 ಅಸಿಸ್ಟ್ ಎರಡನ್ನೂ ಒಂದೇ ಋತುವಿನಲ್ಲಿ ಆತನಿಗಿಂತ ಮೊದಲು ಅಲ್ಲಿನ ಕಾಲೇಜು ಆಟದಲ್ಲಿ ಯಾರೂ ದಾಖಲಿಸಿರಲಿಲ್ಲ. ಬೇರೆಯವರಿಗೆ ಚೆಂಡು ಕೊಟ್ಟದ್ದೂ ಕೀರ್ತಿಗೆ ಕಾರಣವಾಗುವುದು ಅದನ್ನು ಎಣಿಸಿದಾಗ ಮಾತ್ರ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ವಾದಕ್ಕೆ ಇನ್ನಷ್ಟು ಬಲ ಬರುತ್ತದೆ. ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ 2022, 2023, 2024 ಮೂರು ವರ್ಷವೂ ಬಿಗ್ ಟೆನ್‌ನ ವರ್ಷದ ಆಟಗಾರ್ತಿಯಾಗಿ, 3,951 ಅಂಕಗಳೊಂದಿಗೆ ಕಾಲೇಜು ಬಿಟ್ಟರು. ಅವರು ದಾಖಲೆಗಳನ್ನು ಒಂದೊಂದಾಗಿ ಮುರಿಯುತ್ತಿದ್ದಾಗ ಅಮೆರಿಕದಲ್ಲಿ ಹಳೆಯ ಹೆಸರೊಂದು ಮೇಲೆದ್ದು ಬಂತು. ಕಾನ್ಸಸ್ ವಿಶ್ವವಿದ್ಯಾಲಯದ ಲಿನೆಟ್ ವುಡಾರ್ಡ್ 1977ರಿಂದ 1981ರವರೆಗೆ ಆಡಿ 3,649 ಅಂಕ ಗಳಿಸಿದ್ದರು. ಆಗ ಮಹಿಳೆಯರ ಕಾಲೇಜು ಆಟವನ್ನು ಬೇರೊಂದು ಸಂಸ್ಥೆ ನಡೆಸುತ್ತಿದ್ದ ಕಾರಣ, ಮುಂದೆ ಆಟದ ಹೊಣೆ ಹೊತ್ತ ಎನ್‌ಸಿಎಎ ಆ ಅಂಕಗಳನ್ನು ತನ್ನ ದಾಖಲೆಗೆ ಸೇರಿಸಿಕೊಂಡಿರಲಿಲ್ಲ. ಆದರೆ ಲೆಕ್ಕ ಎಲ್ಲೋ ಭದ್ರವಾಗಿತ್ತು. 2024ರ ಫೆಬ್ರುವರಿಯಲ್ಲಿ ಕ್ಲಾರ್ಕ್ ಆ ಸಂಖ್ಯೆಯನ್ನು ದಾಟಿದಾಗ ವುಡಾರ್ಡ್ ಹೆಸರಿಗೆ ಸಲ್ಲಬೇಕಾದ ಮರ್ಯಾದೆ ನಾಲ್ಕು ದಶಕ ತಡವಾಗಿಯಾದರೂ ಸಂದಿತು. ತಿರುಪ್ಪೂರಿನ, ಕೊಯಮತ್ತೂರಿನ, ಮಂಡ್ಯದ, ಮೈಸೂರಿನ ಅಂಕಣಗಳಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಆಡಿ ಹೋದ ಹೆಣ್ಣುಮಕ್ಕಳಲ್ಲಿ ಇಂಥವರು ಎಷ್ಟು ಮಂದಿ ಇದ್ದರೋ! ಮದುವೆಯಾಯಿತು, ಕೆಲಸಕ್ಕೆ ಸೇರಿದರು, ಆಟ ನಿಂತಿತು. ಅವರ ಆಟದ ಒಂದು ಸಾಲೂ ಎಲ್ಲೂ ಇಲ್ಲ. ಈ ನಷ್ಟವನ್ನು ಹಿಂದಿನಿಂದ ತುಂಬಿಕೊಡಲು ಇನ್ನು ಸಾಧ್ಯವಿಲ್ಲ. ನನಗೆ ಈ ವಿಷಯದಲ್ಲಿ ಅತ್ಯಂತ ನೋವು ಕೊಡುವ ಸಂಗತಿ ಇದೇ.

ನಮ್ಮಲ್ಲಿ ಬೇರೆಯದೇ ದಾರಿಯಿದೆಯಲ್ಲ ಎನ್ನುವವರೂ ಇದ್ದಾರೆ. ಭಾರತದ ಬ್ಯಾಸ್ಕೆಟ್‌ಬಾಲನ್ನು ಬದುಕಿಸಿದ್ದು ಕಾಲೇಜುಗಳಿಗಿಂತ ಹೆಚ್ಚಾಗಿ ಉದ್ಯೋಗ ಕೊಟ್ಟ ಸಂಸ್ಥೆಗಳು. ಭಾರತ ತಂಡದ ನಾಯಕಿಯಾಗಿದ್ದು 2021ರಲ್ಲಿ ಪದ್ಮಶ್ರೀ ಪಡೆದ ಅನಿತಾ ಪಾಲ್ ದುರೈ ಅವರಿಗೆ ನೆಲೆ ಕೊಟ್ಟದ್ದು ದಕ್ಷಿಣ ರೈಲ್ವೆ. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಬಲವಾದ ತಂಡ ಕಟ್ಟಿತ್ತು. ಕರ್ನಾಟಕದ ಕ್ರೀಡಾ ಇಲಾಖೆಯ ಹಾಸ್ಟೆಲುಗಳು, ಬೀಗಲ್ಸ್‌ನಂಥ ಹಳೆಯ ಕ್ಲಬ್ಬುಗಳು ಪೀಳಿಗೆ ಪೀಳಿಗೆಗೆ ಆಟಗಾರರನ್ನು ತಯಾರು ಮಾಡಿವೆ. ಇವರ ಋಣ ದೊಡ್ಡದು, ಅದನ್ನು ಮರೆಯುವಂತಿಲ್ಲ. ಆದರೆ ಆ ನೆಲ ಕುಗ್ಗುತ್ತಿದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾಯಿತು. ಬ್ಯಾಂಕುಗಳ ಸಂಖ್ಯೆ ಕಡಿಮೆಯಾದಷ್ಟೂ ಆಟಗಾರರನ್ನು ಸಾಕುವ ಮನೆಗಳೂ ಕಡಿಮೆಯಾಗುತ್ತವೆ. ಅಲ್ಲದೆ ಕೆಲಸಕ್ಕೆ ತೆಗೆದುಕೊಳ್ಳುವ ಸಂಸ್ಥೆಗೂ ಯಾರನ್ನು ತೆಗೆದುಕೊಳ್ಳಬೇಕು ಎಂದು ತಿಳಿಯಬೇಕಷ್ಟೆ. ಎರಡು ಗಂಟೆಯ ಆಯ್ಕೆ ಪರೀಕ್ಷೆ, ಸ್ಥಾನ ಬರೆದ ಪ್ರಮಾಣಪತ್ರ, ತರಬೇತುದಾರರ ಮಾತು: ಈಗ ಆಧಾರ ಇಷ್ಟೇ. ಹದಿನಾಲ್ಕು ಪಂದ್ಯಗಳ ಲೆಕ್ಕ ಜೊತೆಗಿದ್ದರೆ ಅವರ ಕೆಲಸವೂ ಹಗುರವಾದೀತು.

ಹದಿನಾಲ್ಕು ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಎಂಟು ಕಾಲೇಜುಗಳು ಒಂದು ಕೂಟವಾಗಿ, ಪ್ರತಿಯೊಂದೂ ಉಳಿದ ಏಳರ ಜೊತೆ ತನ್ನ ಅಂಕಣದಲ್ಲಿ ಒಮ್ಮೆ, ಅವರ ಅಂಕಣದಲ್ಲಿ ಒಮ್ಮೆ ಆಡಿದರೆ ತಲಾ 14 ಪಂದ್ಯ, ಒಟ್ಟು 56. ಒಂದು ಸೆಮಿಸ್ಟರಿನಲ್ಲಿ ಏಳು, ಇನ್ನೊಂದರಲ್ಲಿ ಏಳು. ವಾರಕ್ಕೊಂದು, ಅದೂ ಶನಿವಾರ. ಪರೀಕ್ಷೆಗೆ ಅಡ್ಡಿ ಎನ್ನುವವರಿಗೆ ಇದೇ ಉತ್ತರ. ಪಂದ್ಯಾವಳಿಗೆಂದು ವಾರಗಟ್ಟಲೆ ತರಗತಿ ತಪ್ಪಿಸಿಕೊಂಡು ಹಾಜರಾತಿಗಾಗಿ ಅಲೆಯುವ ಈಗಿನ ಪದ್ಧತಿಗಿಂತ ಇದು ಓದಿಗೆ ಹೆಚ್ಚು ಅನುಕೂಲ. ದೂರದ ಮಾತಿಗೆ ಬಂದರೆ, ಪಲ್ಲಡಂ ಅನ್ನು ಮಧ್ಯಕ್ಕಿಟ್ಟುಕೊಂಡರೆ ತಿರುಪ್ಪೂರು, ಕೊಯಮತ್ತೂರು, ಪೊಳ್ಳಾಚಿ, ಉಡುಮಲೈ ಎಲ್ಲವೂ ಸುಮಾರು ಐವತ್ತು ಕಿಲೋಮೀಟರ್ ಒಳಗೇ ಇವೆ. ಬೆಳಿಗ್ಗೆ ಹೋಗಿ ಆಡಿ ಸಂಜೆ ಮನೆಗೆ ಬರಬಹುದು, ವಸತಿಯ ಖರ್ಚೇ ಇಲ್ಲ. ತಿರುಪ್ಪೂರಿನ ಚಿಕ್ಕಣ್ಣ ಸರ್ಕಾರಿ ಕಲಾ ಕಾಲೇಜು, ಪೊಳ್ಳಾಚಿಯ ಎನ್‌ಜಿಎಂ ಕಾಲೇಜು, ಪೀಳಮೇಡಿನ ಎರಡು ಪಿಎಸ್‌ಜಿ ಕಾಲೇಜುಗಳು, ಕೊಯಮತ್ತೂರಿನ ಸರ್ಕಾರಿ ಕಲಾ ಕಾಲೇಜು, ಹೀಗೆ ಯಾವ ವಿಶ್ವವಿದ್ಯಾಲಯಕ್ಕೆ ಸೇರಿದವು ಎಂದು ನೋಡದೆ ಕಾಲೇಜುಗಳು ಕೈಜೋಡಿಸಬಹುದು. ಹೆಣ್ಣುಮಕ್ಕಳ ಕೂಟಕ್ಕೆ ತಿರುಪ್ಪೂರಿನ ಎಲ್‌ಆರ್‌ಜಿ ಸರ್ಕಾರಿ ಮಹಿಳಾ ಕಾಲೇಜು, ಕೊಯಮತ್ತೂರಿನ ಅವಿನಾಶಿಲಿಂಗಂ ಇವೆ. ಲೆಕ್ಕ ಬರೆಯುವವರೂ ಹತ್ತಿರದಲ್ಲೇ ಇದ್ದಾರೆ. ಪೆರಿಯನಾಯಕ್ಕನ್‌ಪಾಳಯಂನ ರಾಮಕೃಷ್ಣ ಮಿಷನ್ ವಿದ್ಯಾಲಯದ ಮಾರುತಿ ದೈಹಿಕ ಶಿಕ್ಷಣ ಕಾಲೇಜಿನ ವಿದ್ಯಾರ್ಥಿಗಳಿಗೆ ಪಂದ್ಯದ ಅಂಕಿಅಂಶ ದಾಖಲಿಸುವುದನ್ನು ಪಾಠದ ಭಾಗವಾಗಿಯೇ ಕಲಿಸಬಹುದು. ಒಂದು ಪಂದ್ಯಕ್ಕೆ ಮೂವರು ಸಾಕು: ಒಬ್ಬರು ನೋಡಿ ಹೇಳಲು, ಇಬ್ಬರು ತಂಡಕ್ಕೊಬ್ಬರಂತೆ ಬರೆಯಲು. ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಸಾಲಿನಲ್ಲಿ ಕರ್ನಾಟಕವೂ ಇದೇ ಬಗೆಯ ಕೂಟವನ್ನು ಸುಲಭವಾಗಿ ಕಟ್ಟಬಹುದು.

ಅಮೆರಿಕವನ್ನು ಕಣ್ಣುಮುಚ್ಚಿ ಅನುಸರಿಸಬೇಕು ಎಂದು ಇದರ ಅರ್ಥವಲ್ಲ. ಅಲ್ಲಿ ಟಿವಿ ಹಣದ ಬೆನ್ನುಹತ್ತಿ ಈ ಕೂಟಗಳೇ ದಿಕ್ಕು ತಪ್ಪಿವೆ. 2024ರಲ್ಲಿ ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿದವು. ಒಂದು ಸಾಗರದ ತೀರದಿಂದ ಇನ್ನೊಂದು ಸಾಗರದ ತೀರಕ್ಕೆ ವಿದ್ಯಾರ್ಥಿಗಳು ವಿಮಾನ ಹತ್ತಿ ಹೋಗಿ ಲೀಗ್ ಪಂದ್ಯ ಆಡುತ್ತಿದ್ದಾರೆ. ನೆರೆಹೊರೆ ಎಂಬ ಅಡಿಪಾಯವೇ ಅಲ್ಲಿ ಅಲುಗಾಡಿದೆ. ನಾವು ತೆಗೆದುಕೊಳ್ಳಬೇಕಾದದ್ದು ಅವರ ಹಳೆಯ ಪಾಠವನ್ನು: ಹತ್ತಿರದವರೊಡನೆ ಮತ್ತೆ ಮತ್ತೆ ಆಡು, ಪ್ರತಿ ಪಂದ್ಯವನ್ನೂ ಬರೆದಿಡು, ಕೊನೆಗೆ ಎದುರು ಆಡಿದವರಿಂದಲೇ ಮತ ಪಡೆ. ಎಂಟು ತಂಡಗಳ ತರಬೇತುದಾರರಿಗೆ ತಮ್ಮ ಹುಡುಗರನ್ನು ಬಿಟ್ಟು ಉಳಿದವರಲ್ಲಿ ಮೂವರ ಹೆಸರು ಬರೆಯಲು ಹೇಳಬೇಕು. ಜೊತೆಗೆ ಎಂಟು ನಾಯಕರಿಗೂ ಮತ ಕೊಡಬೇಕು. ಅಂಕಣದಲ್ಲಿ ಯಾರನ್ನು ತಡೆಯುವುದು ಕಷ್ಟವಾಯಿತು ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಮತದ ಲೆಕ್ಕವನ್ನೂ ಆಟದ ಲೆಕ್ಕವನ್ನೂ ಒಟ್ಟಿಗೆ ಎಲ್ಲ ಕಾಲೇಜುಗಳ ಸೂಚನಾ ಫಲಕದಲ್ಲಿ ಅಂಟಿಸಬೇಕು. ಆಗ ಮತ ಮತ್ತು ಆಟ ತಾಳೆಯಾಗದಿದ್ದರೆ ಯಾವ ವಿದ್ಯಾರ್ಥಿಯೂ ಎದ್ದು ನಿಂತು ಕೇಳಬಹುದು.

ಮೊದಲ ವರ್ಷ ಪ್ರಶಸ್ತಿಯ ಗೊಡವೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಇಡುವವರ ಕೈ ಪಳಗಬೇಕು, ಒಂದು ಕಾಲೇಜಿನಲ್ಲಿ ಅಸಿಸ್ಟ್ ಎಂದು ಬರೆದದ್ದನ್ನು ಇನ್ನೊಂದರಲ್ಲಿ ಬಿಟ್ಟುಬಿಡುವಂಥ ಏರುಪೇರು ಸರಿಯಾಗಬೇಕು, ನಿಂತುಹೋದ ಪಂದ್ಯಗಳನ್ನು ಮತ್ತೆ ಆಡಿಸುವ ಶಿಸ್ತು ಬರಬೇಕು. 56 ಪಂದ್ಯಗಳ ಪಟ್ಟಿ ತಪ್ಪಿಲ್ಲದೆ ಕೈಗೆ ಬಂದ ಮೇಲೆ, ಎರಡನೆಯ ವರ್ಷದ ಮಾರ್ಚ್‌ನಲ್ಲಿ ಮತಪತ್ರ ಹಂಚಿದರೆ ಸಾಕು. ವಿಶ್ವವಿದ್ಯಾಲಯಗಳು ಒಪ್ಪಿದರೆ ಆಟಗಾರನ ಲೆಕ್ಕದ ಒಂದು ಪ್ರತಿಯನ್ನು ನಮೂನೆ 3ರ ಹಿಂದೆ ಲಗತ್ತಿಸಿ ಕೊಡಬಹುದು. ಒಪ್ಪದಿದ್ದರೆ ಆ ಕೂಟದ ಎಂಟು ದೈಹಿಕ ಶಿಕ್ಷಣ ನಿರ್ದೇಶಕರು ಸಹಿ ಮಾಡಿದ ಬೇರೆ ಹಾಳೆಯಾಗಿ ಕೊಡಬಹುದು.